ಮಾಮಾನ ಗಾಡಿ ನಿಲ್ಲಂಗಿಲ್ಲ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಎರಡೇ ವೇಗ ಗೊತ್ತು. ಒಂದು, ತಾಸಿಗೆ ನಲವತ್ತೆರಡು ಕಿಲೋಮೀಟರು. ಇನ್ನೊಂದು, ಗೊರಕೆ. ಇವೆರಡರ ನಡುವೆ ಎಲ್ಲಿಯೋ ಮಾಮಾನನ್ನು ಕಂಡೆ ಅಂತ ಸಿಂಧನೂರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ, ಅವರು ಕಂಡದ್ದು ಬೇರೆ ಯಾರನ್ನೋ!

ನಲವತ್ತೆರಡು ಅಂತ ಇಷ್ಟು ಖಚಿತವಾಗಿ ನನಗೆ ಹೇಗೆ ಗೊತ್ತು? ಮಾಮಾನ ಗಾಡಿಯ, ಅಂದರೆ ಆ ಹಳೇ ಮೋಟಾರ್ ಸೈಕಲ್ಲಿನ, ಮೀಟರಿನಿಂದಂತೂ ಅಲ್ಲ. ಅದರ ಮುಳ್ಳು ನಾನು ಹುಟ್ಟುವ ಮೊದಲೇ ಸೊನ್ನೆಯ ಮೇಲೆ ಮಲಗಿ ಲಿಂಗೈಕ್ಯವಾಗಿದೆ. ನನ್ನ ಹೊಸ ಬೈಕನ್ನು ಪಕ್ಕದಲ್ಲೇ ಓಡಿಸಿ ಅಳೆದು ನೋಡಿದ್ದೇನೆ. ಮಸ್ಕಿಯ ಕಡೆ ಹೋದರೂ ನಲವತ್ತೆರಡು, ಹಿಂದೆ ನಾಯಿ ಬಿದ್ದರೂ ನಲವತ್ತೆರಡು. ನಾಯಿಗೇ ಬೇಸರವಾಗಿ ನಿಲ್ಲುತ್ತದೆ. ಓಣಿಯೊಳಗೆ ಗೇರು ಇಳಿಸಿ ಹೋಗುತ್ತಾನೆ ನಿಜ, ಆದರೆ ಇಂಜಿನ್ನಿನ ಲಯ ಮಾತ್ರ ಅದೇ. ಢಬಢಬಢಬಢಬ. ಇದನ್ನು ನಾನು ಬಾಯಲ್ಲಿ ಥೇಟ್ ಹಾಗೆಯೇ ಮಾಡಬಲ್ಲೆ. ಬಸ್ ಕಂಡಕ್ಟರು, ಕನ್ನಡ ಮೇಷ್ಟ್ರು, ಮದುವೆಯಲ್ಲಿ ಊಟ ಚೆನ್ನಾಗಿಲ್ಲ ಎನ್ನುವ ಬೀಗರು, ಎಲ್ಲರ ದನಿ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನ ಸ್ವಂತ ದನಿಗೆ ಮಾತ್ರ ಜಾಗ ಉಳಿದಿಲ್ಲ.

ಇರಲಿ, ಮಾಮಾನ ಗಾಡಿಗೆ ಬರೋಣ. ಇಂಜಿನ್ನಿನೊಳಗೆ ಪಿಸ್ಟನ್ನು ಮೇಲೇರಿ ತುದಿ ಮುಟ್ಟುವ ಚೂರು ಮೊದಲು ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ತೂಗುವವನು ಸರಿಯಾದ ಹೊತ್ತಿಗೆ ದೂಡಿದರೆ ಕೂತವಳು ಮುಗಿಲಿಗೆ. ಅವಸರಪಟ್ಟು ಮೊದಲೇ ಕೈಯೊಡ್ಡಿದರೆ ಮಣೆ ಬಂದು ಎದೆಗೇ ಗುದ್ದುತ್ತದೆ. ಇಂಜಿನ್ನೂ ಹಾಗೆಯೇ. ನಿಧಾನಕ್ಕೆ ತಿರುಗುವಾಗ ಕಿಡಿ ತುಸು ತಡವಾಗಿ, ಜೋರಾಗಿ ತಿರುಗುವಾಗ ತುಸು ಮುಂಚೆ ಬರಬೇಕು. ಈ ಹೊತ್ತನ್ನು ಹಿಂದೆ ಮುಂದೆ ಮಾಡಲೆಂದೇ ಒಳಗೆ ಎರಡು ಪುಟ್ಟ ತೂಕ, ಎರಡು ಸ್ಪ್ರಿಂಗು ಇರುತ್ತವೆ. ಮಾಮಾನ ಗಾಡಿಯ ಸ್ಪ್ರಿಂಗು ಒಂದು ದಿನ ಪಟ್ಟೆಂದವು. ನೀವಾಗಿದ್ದರೆ, ನಾನಾಗಿದ್ದರೆ, ಹೊಸವು ಹಾಕಿಸುತ್ತಿದ್ದೆವು. ಮಾಮಾ ಆ ತೂಕಗಳ ಕೈಕಾಲನ್ನು ತಾಮ್ರದ ತಂತಿಯಿಂದ ಬಿಗಿದು, ಕಿಡಿ ಯಾವಾಗಲೂ ಒಂದೇ ಹೊತ್ತಿಗೆ ಬರುವಂತೆ ಖಾಯಂ ಮಾಡಿಬಿಟ್ಟ!

ಅಂದಿನಿಂದ ಆ ಗಾಡಿಗೆ ನಲವತ್ತೆರಡೇ ಧರ್ಮ. ಜೋರು ಮಾಡಿದರೆ ಉಬ್ಬಸ. ನಿಧಾನ ಮಾಡಿದರೆ ಹಲ್ಲು ಕಡಿಯುತ್ತದೆ, ಕೆಮ್ಮುತ್ತದೆ, ಸಾಯುತ್ತದೆ. ನಿಂತ ಮೇಲೆ ಕಿಕ್ ಹೊಡೆದರೆ ಜೋಕಾಲಿಯ ಮಣೆಯಂತೆ ತಿರುಗಿ ಒದೆಯುತ್ತದೆ.

"ಹೊಸಾ ಸ್ಪ್ರಿಂಗ್ ಹಾಕ್ಸಬಾರದೇನು ಮಾಮಾ?" ಅಂತ ಕೇಳಿದ್ದೆ.

ಮಾಮಾ ಮೂವತ್ತು ವರ್ಷದಿಂದ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ರೈತರ ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡಿದವನು. ಉತ್ತರವೂ ಅಲ್ಲಿಂದಲೇ ಬಂತು.

"ನಾಲಿ ನೀರೆತ್ತೋ ಸೀಮೆಎಣ್ಣಿ ಇಂಜಿನ್ನಿಗೆ ಸ್ಪ್ರಿಂಗ್ ಐತೇನಲೇ?"

"ಇಲ್ಲ."

"ಮೂರು ದಿನ ನಿಲ್ಲದಂಗ ಗದ್ದಿಗೆ ನೀರು ಹಾಯಸಂಗಿಲ್ಲೇನು?"

"ಹಾಯಸ್ತೈತಿ. ಆದ್ರ ಅದು ಒಂದ ಕಡಿ ಕುಂತಿರತೈತಲ್ಲ ಮಾಮಾ. ಎಲ್ಲೂ ಹೋಗಂಗಿಲ್ಲ."

"ಅದು ಅದರ ತಪ್ಪಲ್ಲ. ಪಾಪ, ಗಾಲಿ ಕೊಟ್ಟಿಲ್ಲ ಅದಕ್ಕ."

ನನ್ನ ಬೈಕಿನಲ್ಲಿ ಕಿಡಿಯ ಹೊತ್ತನ್ನು ಕಂಪ್ಯೂಟರು ಗಳಿಗೆ ಗಳಿಗೆಗೂ ಬದಲಿಸುತ್ತದೆ ಎಂದು ಜಂಬದಿಂದ ಹೇಳಿದೆ. ಮಾಮಾ ನನ್ನ ಬೈಕನ್ನು ಮೇಲಿಂದ ಕೆಳಗೆ ನೋಡಿ, "ಅಂದ್ರ ಇದಕ್ಕ ಒಂದ ಮಾತು ಅಂಬೋದು ಇಲ್ಲಂದಂಗಾತು," ಅಂದ. ನಾನು ಅಂದಿನಿಂದ ಅವನೆದುರು ಕಂಪ್ಯೂಟರ್ ಹೆಸರೆತ್ತಿಲ್ಲ.

ಇಂಥ ಗಾಡಿ ಹೋದ ವರ್ಷ ಮಾಮಾನ ಬಲಗಾಲನ್ನೇ ಮುರಿಯಿತು. ಮನೆಯ ಮುಂದೆ ಕಿಕ್ ಹೊಡೆದಿದ್ದಾನೆ, ಅದು ತಿರುಗಿ ಒದ್ದಿದೆ, ಮೊಳಕಾಲ ಕೆಳಗಿನ ಎಲುಬು ಎರಡು ತುಂಡು. ದವಾಖಾನೆಯಲ್ಲಿ ಡಾಕ್ಟರು ಚೀಟಿ ಬರೆಯುತ್ತ ಕೇಳಿದರು.

"ಯಾವ ಗಾಡಿ ಗುದ್ದಿದ್ದು?"

"ನಂದ ಗಾಡಿ ರೀ."

"ನಿಮ್ಮ ಗಾಡಿ ಯಾರು ಓಡಸ್ತಿದ್ರು?"

"ಯಾರೂ ಇಲ್ರಿ. ನಿಂತಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟು ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿದರು. ತಲೆಗೂ ಪೆಟ್ಟಾಗಿದೆಯೇನೋ ಅಂತ!

ಕಾಲಿಗೆ ರಾಡ್ ಹಾಕಿದರು. ನಾಲ್ಕು ತಿಂಗಳು ಮಾಮಾ ಮಂಚದ ಮೇಲೆ, ಗಾಡಿ ಪಡಸಾಲೆಯಲ್ಲಿ, ಒಬ್ಬರನ್ನೊಬ್ಬರು ನೋಡುತ್ತ. ಕಾಲು ಊರುವಂತಾದ ದಿನವೇ ಅತ್ತೆ ಫೈಸಲಾ ಕೊಟ್ಟಳು. ಗಾಡಿ ಗುಜರಿಗೆ ಹೋಗಬೇಕು.

"ಇನ್ನ ಕಿಕ್ ಹೊಡ್ಯಂಗಿಲ್ಲ, ಇಳಿಜಾರಿಗೆ ಬಿಟ್ಟ ಚಾಲೂ ಮಾಡ್ತೀನಿ," ಅಂದ ಮಾಮಾ.

"ಇಳಿಜಾರು ಇಲ್ಲದ ಬಯಲಾಗ ನಿಂತ್ರ? ದೂಡಾಕ ಒಂದು ನರಪಿಳ್ಳೆ ಇಲ್ಲಂದ್ರ? ಆವಾಗ ಕಿಕ್ ಹೊಡೀತೀರಿ ರೀ ನೀವು. ನಂಗೊತ್ತೈತಿ. ಇನ್ನೊಂದು ರಾಡ್ ಹಾಕಾಕ ಆ ಕಾಲಾಗ ಜಾಗ ಎಲ್ಲೈತಿ?"

"ನಿಂತ್ರ ತಾನ? ಗಾಡಿ ನಿಲ್ಲಂಗಿಲ್ಲ."

ಅತ್ತೆ ಬೇರೇನೂ ಕೇಳಲಿಲ್ಲ. ಆ ಕಾಲು ಉಳಿಯಬೇಕು, ಅಷ್ಟೇ. ಮಾಮಾನಿಗೋ ಕಾಲೂ ಬೇಕು, ಗಾಡಿಯೂ ಬೇಕು. ಕಡೆಗೆ ಕರಾರಾಯಿತು. ಮುಂದಿನ ಭಾನುವಾರ ಲಿಂಗಸುಗೂರಿನ ಅತ್ತೆಯ ಅಕ್ಕನ ಮನೆಗೆ ಇಬ್ಬರೂ ಅದೇ ಗಾಡಿಯ ಮೇಲೆ ಹೋಗುವುದು. ದಾರಿಯಲ್ಲಿ ಒಮ್ಮೆಯೂ ನಿಲ್ಲದೆ ಮುಟ್ಟಿದರೆ ಗಾಡಿ ಮನೆಯಲ್ಲಿ. ಒಂದೇ ಒಂದು ಸಲ ನಿಂತರೂ ಗುಜರಿಗೆ. ಪಂಚ ಯಾರು? ಹಿಂದೆ ಹಿಂದೆ ಬೈಕಿನ ಮೇಲೆ ನಾನು! ನನ್ನಂಥವನನ್ನು ಪಂಚನನ್ನಾಗಿ ಮಾಡಿದರೆಂದರೆ ಮನೆಯಲ್ಲಿ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂದು ನೀವೇ ಊಹಿಸಿ.

ಆ ಭಾನುವಾರಕ್ಕೆ ಬರುವ ಮೊದಲು ಒಂದು ಮಾತು. ಇದನ್ನೆಲ್ಲ ಓದಿ ಮಾಮಾನನ್ನು ತಲೆಕೆಟ್ಟವನೆಂದು ತಿಳಿದರೆ ಪಾಪ ತಟ್ಟೀತು. ಇಂಜಿನ್ನಿನ ಮಟ್ಟಿಗೆ ಅವನ ಕಿವಿ ನಾಡಿ ಹಿಡಿಯುವ ವೈದ್ಯರ ಬೆರಳಿದ್ದಂತೆ. ಪಾಮನಕಲ್ಲೂರಿನ ರೈತ ಫೋನನ್ನು ಇಂಜಿನ್ನಿನ ಹತ್ತಿರ ಹಿಡಿಯುತ್ತಾನೆ. ಮಾಮಾ ಸಿಂಧನೂರಿನಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿ, "ವಾಲ್ವ್ ಟೈಟ್ ಆಗ್ಯಾವ, ಅರ್ಧ ಸುತ್ತು ಸಡ್ಲ ಮಾಡು," ಅನ್ನುತ್ತಾನೆ. ಅಷ್ಟಕ್ಕೇ ಸರಿಯಾಗುತ್ತದೆ!

ಒಮ್ಮೆ ಇವನನ್ನು ಪರೀಕ್ಷೆ ಮಾಡಬೇಕೆಂದು ನನಗೆ ದುರ್ಬುದ್ಧಿ ಬಂತು. ಗೆಳೆಯನ ಫೋನಿನಿಂದ ಹಚ್ಚಿ, ದನಿ ಬದಲಿಸಿ, "ನಮಸ್ಕಾರ್ರಿ, ಇಂಜಿನ್ ಯಾಕೋ ಕೆಮ್ಮಾಕತ್ತೈತ್ರಿ, ಜರಾ ಕೇಳ್ರಿ," ಅಂತ ಬಾಯಿಂದಲೇ ಇಂಜಿನ್ ಓಡಿಸಿದೆ. ಕೆಮ್ಮು, ಉಬ್ಬಸ, ನಡುವೆ ಒಂದು ಸೀನು, ಏನು ಕಲೆ ಅಂತೀರಿ! ಮಾಮಾ ಪೂರ್ತಿ ಕೇಳಿದ. ಆಮೇಲೆ ಶಾಂತವಾಗಿ ಹೇಳಿದ. "ಇಂಜಿನ್ ಬರೋಬ್ಬರಿ ಐತಿ ಅಳಿಯಾ. ನಿನ್ನ ಬಲಗಡಿ ದವಡಿ ಹಲ್ಲಿಗೆ ಹುಳಾ ಹತ್ತೈತಿ. ಗಾಳಿ ಲೀಕ್ ಆಗಾಕತ್ತೈತಿ, ತೋರಸು." ನಕ್ಕು ಫೋನಿಟ್ಟೆ. ವಾರದೊಳಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯ್ದೆರೆದು ಕೂತಿದ್ದೆ. ಬಲಗಡೆ. ದವಡೆ ಹಲ್ಲು!

ಇನ್ನು ಗಾಡಿಯ ಟೈಮಿಂಗು, ಅಂದರೆ ಕಿಡಿಯ ಹೊತ್ತು, ನೋಡಲು ಅವನ ಹತ್ತಿರ ಇರುವ ಯಂತ್ರಗಳ ಬಗ್ಗೆ ಕೇಳಿ. ಪಿಸ್ಟನ್ನು ಎಷ್ಟು ಮೇಲೆ ಬಂತು ಅಂತ ಅಳೆಯಲು ಗೆರೆ ಕೊರೆದ ಒಂದು ಸೈಕಲ್ ಕಡ್ಡಿ. ಕಿಡಿ ಹುಟ್ಟಿಸುವ ಎರಡು ಪಾಯಿಂಟುಗಳು ಬಾಯಿ ಬಿಡುವ ಗಳಿಗೆ ತಿಳಿಯಲು ಒಂದು ಸಿಗರೇಟಿನ ತೆಳು ಕಾಗದ. ಆ ಬಾಯಿ ಎಷ್ಟು ತೆರೆಯಬೇಕು ಅಂತ ನೋಡಲು ಮದುವೆಯ ಆಮಂತ್ರಣ ಪತ್ರಿಕೆ! ಯಾರಾದರೂ ಲಗ್ನಕ್ಕೆ ಕರೆಯಲು ಬಂದರೆ ಮಾಮಾ ಮುಹೂರ್ತ ಓದುವುದಿಲ್ಲ. ಕಾರ್ಡಿನ ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಾನೆ. "ನಿಮ್ಮ ಹಿರೇ ಮಗಳ ಕಾರ್ಡ್ ಹತ್ತು ವರ್ಷ ಓಡೈತ್ರಿ, ಭಾರಿ ಮಾಲು. ಇದು ಸುಮ್ನ ದಪ್ಪಂದು, ಬಂಗಾರದ ಬಣ್ಣ ಬ್ಯಾರೆ. ಎದಕ್ಕ ಬರತೈತಿ ಇದು?" ಬಂದ ಬೀಗರ ಮುಖ ನೋಡಬೇಕಿತ್ತು! ಆದರೆ ನಮ್ಮ ಬೀಗರೇನು ಕಡಿಮೆಯೇ? ಈಗೀಗ ಲಗ್ನದ ಕಾರ್ಡು ಮಾಡಿಸುವಾಗ ಮಾಮಾನ ಸಲುವಾಗಿ ಒಂದನ್ನು ಹಳೇ ಕಾಲದ ತೆಳ್ಳನೆಯ ಹಾಳೆಯಲ್ಲಿ ಬೇರೆಯಾಗಿಯೇ ಮಾಡಿಸುತ್ತಾರೆ.

ಗಾಡಿ ನಿಲ್ಲಿಸುವಂತಿಲ್ಲ ಅಂದಮೇಲೆ ದಾರಿಯಲ್ಲಿ ಮಾತು ಹೇಗೆ? ನಿಂತಲ್ಲೇ ಆಕ್ಸಲರೇಟರ್ ಹಿಡಿದು ಕೂಗಿಸಬಹುದಲ್ಲ ಅಂತ ನೀವು ಕೇಳುತ್ತೀರಿ. ಅದು ಬಸ್‌ಸ್ಟ್ಯಾಂಡಿನ ಪೋರರ ಕೆಲಸ ಅಂತ ಮಾಮಾನ ಅಭಿಪ್ರಾಯ. ಅವನು ಮಾತಾಡುವುದು ಕಂತಿನಲ್ಲಿ. ಮಸ್ಕಿಯ ಆಚೆ ರಸ್ತೆಯ ಪಕ್ಕ ಮಿರ್ಚಿ, ಮಂಡಾಳ ಒಗ್ಗರಣೆಯ ಒಂದು ಹೋಟೆಲಿದೆ. ಅದರ ಮಾಲೀಕ ಮಾಮಾನ ಜೀವದ ಗೆಳೆಯ. ಹೋಗುವಾಗ ಮಾಮಾ ಕೂಗುತ್ತಾನೆ, "ಮಗಳಿಗೆ ಗಂಡು ಸಿಕ್ಕಿತೇನ್ರೀ?" ಬರುವಾಗ ಉತ್ತರ ಸಿಗುತ್ತದೆ, "ಸಿಕ್ಕೈತ್ರಿ! ಮುದಗಲ್!" ಮುಂದಿನ ವಾರ, "ಮುದಗಲ್ಲಾಗ ಏನ್ ಮಾಡ್ತಾನ?" ಆ ಸಂಜೆ, "ಬಟ್ಟಿ ಅಂಗಡಿ!" ಹೀಗೆ ವರ್ಷಗಟ್ಟಲೆ ವಿಚಾರ ಮಾಡಿ, ತಲೆಯೊಳಗೆ ತೂಗಿ ನೋಡಿ, ಕೊನೆಗೆ ಒಂದು ಮುಂಜಾನೆ ಮಾಮಾ ತನ್ನ ಸಲಹೆ ಕೂಗಿದ. "ಅವಸರ ಮಾಡಬ್ಯಾಡ್ರಿ, ಹುಡುಗನ್ನ ಇನ್ನೊಮ್ಮಿ ನೋಡ್ರಿ!" ಹೋಟೆಲಿನವ ಒಳಗೆ ಹೋಗಿ ಮೊಮ್ಮಗನನ್ನು ಎತ್ತಿಕೊಂಡು ಬಂದು ತೋರಿಸಿದ.

ಇಂಥ ಮನುಷ್ಯನ ಗಾಡಿಗೆ ನಾನು ತೀರ್ಪು ಕೊಡಬೇಕಿತ್ತು.

ಭಾನುವಾರ ಬೆಳಿಗ್ಗೆ ನಾಲೆಯ ಏರಿಯ ಮೇಲೆ ಗಾಡಿ ನಿಂತಿತ್ತು. ಸಿಂಧನೂರಿನ ಭತ್ತದ ನೆಲ ರೊಟ್ಟಿಯ ಹಂಚಿನಷ್ಟು ಸಪಾಟು, ಇಳಿಜಾರು ಅಂತ ಇರುವುದು ನಾಲೆಯ ಏರಿ ಒಂದೇ. ಅತ್ತೆ ಇಳಕಲ್ ಸೀರೆಯುಟ್ಟು, ಅಕ್ಕನಿಗೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದಳು. "ಬೇಗ ಹತ್ತು, ಗಟ್ಟಿ ಹಿಡಕೋ," ಅಂದ ಮಾಮಾ. ಇವರ ದಾಂಪತ್ಯದಲ್ಲಿ ಅತ್ತೆಗೆ ಅತಿ ಹೆಚ್ಚು ಸಲ ಹೇಳಲಾದ ಮಾತು ಇದೇ ಇರಬೇಕು. ಏರಿ ಇಳಿಯಿತು, ಗೇರು ಬಿತ್ತು, ಢಬಢಬಢಬಢಬ. ಹೊರಟಿತು ಸವಾರಿ!

ಮಸ್ಕಿಯವರೆಗೆ ತಕರಾರಿಲ್ಲ. ಮಸ್ಕಿಯೊಳಗೆ ಒಂದು ಬಸ್ಸು ರಸ್ತೆಗೆ ಅಡ್ಡ ತಿರುಗಿ ಸಿಕ್ಕಿಕೊಂಡಿತ್ತು. ಈಗ ನಿಂತ, ಈಗ ನಿಂತ ಅಂತ ನಾನು ಕಣ್ಣರಳಿಸಿ ನೋಡುತ್ತಿದ್ದೆ. ಮಾಮಾ ಗೇರು ಇಳಿಸಿ, ಪಕ್ಕದ ಖಾಲಿ ಜಾಗಕ್ಕೆ ಹೊರಳಿಸಿ, ಗುಂಡಗೆ ಸುತ್ತತೊಡಗಿದ. ಒಂದು ಸುತ್ತು. ಎರಡು. ಮೂರು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಗುಡಿಗೆ ಸೈತ ನಾ ಇಷ್ಟು ಸುತ್ತು ಹಾಕಿಲ್ರಿ!"

"ಪುಣ್ಯಾ ಬರತೈತಿ, ಸುಮ್ನ ಕುಂದರು."

ಆರನೆಯ ಸುತ್ತಿಗೆ ಬಸ್ಸು ಸರಿಯಿತು. ಗಾಡಿ ನಿಂತಿರಲಿಲ್ಲ. ನಾನು ಹಾರ್ನ್ ಹೊಡೆದು ಜೈಕಾರ ಹಾಕಿದೆ. ಪಂಚ ಪಕ್ಷ ವಹಿಸಬಾರದು ಅಂತ ನನಗೂ ಗೊತ್ತು, ಆದರೆ ಏನು ಮಾಡುವುದು, ಆ ಸುತ್ತುಗಳಿಗೆ ಸೋತುಹೋಗಿದ್ದೆ.

ಮಸ್ಕಿ ದಾಟಿ ಬಹಳ ದೂರ ಬಂದಿದ್ದೆವು. ಎರಡೂ ಕಡೆ ಎರೆಭೂಮಿಯ ಬಯಲು, ಮರವಿಲ್ಲ, ಮನುಷ್ಯರಿಲ್ಲ. ನಲವತ್ತೆರಡರಲ್ಲಿ ಹೋಗಿ ಹೋಗಿ ನನಗೆ ಆಕಳಿಕೆ ಬಂತು. ಸುಮ್ಮನೆ ಹೋಗುವ ಬದಲು ಮಾಮಾನನ್ನು ಅಣಕಿಸತೊಡಗಿದೆ. ಮೊಳಕೈ ಎರಡೂ ಹೊರಗೆ, ಗದ್ದ ಮೇಲೆ, ಕಣ್ಣು ದಿಗಂತದಲ್ಲಿ, ಬಾಯಲ್ಲಿ ಢಬಢಬಢಬ. ಎದುರಿನಿಂದ ಬಂದ ಟ್ರ್ಯಾಕ್ಟರಿನವ ನೋಡಿ ನಕ್ಕ. ಪ್ರೇಕ್ಷಕರು ಸಿಕ್ಕರೆ ನಾನು ಬಿಡುತ್ತೇನೆಯೇ? ಅವನು ದಾಟಿ ಹೋಗುವವರೆಗೆ ಗದ್ದವನ್ನು ಇನ್ನಷ್ಟು ಮೇಲೆತ್ತಿದೆ. ಹಾಗಾಗಿ ರಸ್ತೆ ಕಾಣಲಿಲ್ಲ. ಗಾಡಿಗಳ ಗಾಲಿಗೆ ಸಿಕ್ಕು ತಾನೇ ಒಕ್ಕಣೆಯಾಗಲಿ ಅಂತ ಯಾರೋ ಕಡಲೆ ಗಿಡ ಹರವಿ ಹೋಗಿದ್ದರು. ಮಾಮಾ ಅಂಚು ಹಿಡಿದು ದಾಟಿದ್ದ. ನಾನು ನಟ್ಟನಡುವೆ ಹೊಕ್ಕೆ. ಕಡಲೆ ಕಾಳು ಗಾಲಿಯ ಕೆಳಗೆ ಗೋಲಿಯಂತೆ ಉರುಳಿತು. ಬೈಕು ಒಂದು ಕಡೆ, ಕಂಪ್ಯೂಟರು ಇನ್ನೊಂದು ಕಡೆ, ನಾನು ಕಡಲೆಯೊಳಗೆ!

"ಅಯ್ಯ ಶಿವನ, ಹುಡುಗ ಬಿದ್ದ ರೀ!" ಅತ್ತೆಯ ಕೂಗು ಕೇಳಿತು.

ಮಲಗಿದಲ್ಲಿಂದಲೇ ನೋಡಿದೆ. ದೂರದಲ್ಲಿ ಲಿಂಗಸುಗೂರಿನ ಮೊಬೈಲ್ ಟವರು ಕಾಣುತ್ತಿತ್ತು. ಗಾಡಿ ಹೊರಳಿ ನನ್ನ ಸುತ್ತ ತಿರುಗತೊಡಗಿತು.

"ಅಳಿಯಾ, ಕೈ ಆಡಸು!"

ಆಡಿಸಿದೆ. ಇನ್ನೊಂದು ಸುತ್ತು.

"ಕಾಲು ಆಡಸಲೇ!"

ಎಡಗಾಲು ಆಡಿತು. ಬಲಗಾಲು ಹಿಮ್ಮಡದ ಹತ್ತಿರ ಹೊರಳಿತ್ತು. ಆಡಿಸಲು ಹೋಗಿ ಚೀರಿದೆ. ಆ ಚೀರು ನನ್ನದೇ ದನಿ, ಯಾರಿಂದಲೂ ಕದ್ದದ್ದಲ್ಲ.

ಢಬಢಬ ನಿಂತುಹೋಯಿತು.

ಗಾಡಿ ತಾನಾಗಿ ಸತ್ತದ್ದಲ್ಲ. ಮಾಮಾನೇ ಕೀಲಿ ತಿರುಗಿಸಿದ್ದ. ಕುಂಟುತ್ತ ಓಡಿ ಬಂದು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆಗಪ್ಪಿನ ಬೆರಳಿನಿಂದ ಮೊಳಕಾಲಿನಿಂದ ಹಿಮ್ಮಡದವರೆಗೆ ಮೆಲ್ಲಗೆ ಒತ್ತಿ ನೋಡಿದ. "ಎಲುಬು ಬರೋಬ್ಬರಿ ಐತಿ. ನರ ಹೊಳ್ಳೈತಿ," ಅಂದ.

"ಮಾಮಾ, ಗಾಡಿ ನಿಂತಿತು," ಅಂದೆ.

"ನಿಂದರಲಿ ಬಿಡಲೇ."

ಆಮೇಲೆ ಮೂವರೂ ಸುತ್ತ ನೋಡಿದೆವು. ನನ್ನ ಬೈಕಿನ ಕ್ಲಚ್ ಹಿಡಿಕೆ ಮುರಿದು ಬಿದ್ದಿತ್ತು. ಕಡಲೆ ಹರವಿದವರ ಪತ್ತೆಯಿಲ್ಲ. ರಸ್ತೆ ಗೆರೆ ಎಳೆದಂತೆ ಸಪಾಟು. ದೂಡಲು ನಾನಿಲ್ಲ. ಇಷ್ಟು ತಿಂಗಳು ಅತ್ತೆ ಹೆದರಿದ್ದ ಆ ಬಯಲು ಥೇಟ್ ಹಾಗೆಯೇ ನಮ್ಮೆದುರಿಗಿತ್ತು. ಮಾಮಾ ಗಾಡಿಯ ಹತ್ತಿರ ಹೋದ. ರೂಢಿಯ ಮೇಲೆ ಬಲಗಾಲು ಎತ್ತಿ ಕಿಕ್ಕಿನ ಮೇಲಿಟ್ಟ.

ಅತ್ತೆ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಹೋಳಿಗೆಯ ಡಬ್ಬಿಯನ್ನು ಎರಡೂ ಕೈಯಿಂದ ಎದೆಗವಚಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು.

"ಆವತ್ತು ಎಲುಬು ಮುರಿದ ಸಪ್ಪಳ ನಂಗ ಅಡಗಿಮನ್ಯಾಗ ಕೇಳಿತ್ರಿ. ಇನ್ನೂ ಕೇಳಾಕತ್ತೈತಿ. ಮತ್ತೊಮ್ಮಿ ಕೇಳಸಬ್ಯಾಡ್ರಿ."

ಊರೂರಿನ ಇಂಜಿನ್ನುಗಳ ಕೆಮ್ಮು ಸೀನು ಎಲ್ಲ ಕೇಳಿಸಿಕೊಂಡ ಕಿವಿ ಅದು. ಇದೊಂದನ್ನು ಅದು ಕೇಳಿಸಿಕೊಂಡಿರಲಿಲ್ಲ. ಮಾಮಾ ಕಾಲು ಕೆಳಗಿಳಿಸಿದ. ಸೀಟಿನ ಕೆಳಗಿನಿಂದ ಪಾನಾ, ಸ್ಕ್ರೂಡ್ರೈವರು ತೆಗೆದು, ರಸ್ತೆಯ ಮೇಲೆಯೇ ಕೂತು, ಪಾಯಿಂಟಿನ ಮುಚ್ಚಳ ಬಿಚ್ಚಿದ. ಎರಡು ಸ್ಕ್ರೂ ಸಡಿಲಿಸಿ, ಒಳಗಿನ ತಟ್ಟೆಯನ್ನು ಹೆಬ್ಬೆರಳಿನಿಂದ ಒಂದಿಷ್ಟು ಹಿಂದಕ್ಕೆ ಸರಿಸಿ, ಮತ್ತೆ ಬಿಗಿದ. ಕಡ್ಡಿ ಇಳಿಸಲಿಲ್ಲ, ಕಾಗದ ಇಡಲಿಲ್ಲ, ಅಳತೆ ನೋಡಲಿಲ್ಲ. ಯಾರ ಮಾತಿಗೂ ಜಗ್ಗದ ಕಿಡಿಯನ್ನು ತಡ ಮಾಡಿಬಿಟ್ಟ!

"ಮಾಮಾ, ಇನ್ನ ನಲವತ್ತೆರಡು ಬರಂಗಿಲ್ಲ," ಅಂದೆ.

"ಮೂವತ್ತು ಬಂದ್ರ ಸಾಕು. ಒದ್ಯಂಗಿಲ್ಲ ಈಗ. ನೋಡು ಇಲ್ಲೆ."

ಇದನ್ನು ಹೇಳಿದ್ದು ನನಗೆ, ತೋರಿಸಿದ್ದು ಅತ್ತೆಗೆ. ಕಾಲಿನಿಂದಲ್ಲ, ಎರಡೂ ಅಂಗೈ ಇಟ್ಟು ಕಿಕ್ಕನ್ನು ಒತ್ತಿದ. ಮೊದಲ ಸಲ ಬರೀ ಉಸಿರು. ಅತ್ತೆ ಕಣ್ಣು ಮುಚ್ಚಿದ್ದಳು. ಎರಡನೆಯ ಸಲ ಇಂಜಿನ್ನು ಹಿಡಿಯಿತು. ತಿರುಗಿ ಒದೆಯಲಿಲ್ಲ.

ಮಾಮಾ ಆಕ್ಸಲರೇಟರಿನಿಂದ ಕೈ ಪೂರ್ತಿ ತೆಗೆದ. ಈಗ ಸಾಯುತ್ತದೆ ಅಂದುಕೊಂಡೆ. ಢಬ್. ಢಬ್. ಢಬ್. ಸಾಯಲಿಲ್ಲ. ಈ ಸಪ್ಪಳವನ್ನು ನಾನು ಆವರೆಗೆ ಕೇಳಿರಲಿಲ್ಲ, ಬಾಯಲ್ಲಿ ಮಾಡಲು ಇಂದಿಗೂ ಬರುವುದಿಲ್ಲ.

ನನ್ನ ಬೈಕನ್ನು ರಸ್ತೆಯ ಅಂಚಿಗೆ ಸರಿಸಿಟ್ಟು, ನನ್ನನ್ನು ಎತ್ತಿ ನಡುವೆ ಕೂರಿಸಿದರು. ಅತ್ತೆ ಅವಸರದಿಂದ ನಿರಿಗೆ ಎತ್ತಿಕೊಂಡು, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಹೆಗಲು ಹಿಡಿದು, ಗಡಿಬಿಡಿಯಲ್ಲಿ ಕಾಲೆತ್ತಿದಳು.

"ನಿಧಾನಕ್ಕ ಹತ್ತು," ಅಂದ ಮಾಮಾ, ಹಿಂದೆ ತಿರುಗದೆ. "ನೀ ಹತ್ತೂತನ ನಿಲ್ತೈತಿ."